ಕಾಗದದ ಟುಲಿಪ್ ಸಾಕು, ಮಕ್ಕಳನ್ನು ಮುತ್ತಲ ಗಿಡದ ಹತ್ತಿರ ಕರೆದೊಯ್ಯಿರಿ

ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಪ್ರಾಚಾರ್ಯರಿಗೆ, ಎಲ್ಲ ಪ್ರಾಥಮಿಕ ಶಾಲೆಗಳ ಮುಖ್ಯ ಶಿಕ್ಷಕರಿಗೆ,

ನಮಸ್ಕಾರ.

ನಾನು ಧಾರವಾಡದಲ್ಲಿ ಗಿಡ ಮಾರುವ ಒಂದು ಸಣ್ಣ ನರ್ಸರಿ ನಡೆಸುತ್ತೇನೆ. ಎರಡನೇ ತರಗತಿಯಲ್ಲಿ ಓದುವ ಮಗಳಿದ್ದಾಳೆ. ಹಾಗಾಗಿ ಮಾರ್ಚ್ ಬಂತೆಂದರೆ ಒಂದೇ ತಲೆನೋವು ಎರಡು ಕಡೆಯಿಂದ ಬರುತ್ತದೆ. ನರ್ಸರಿಗೆ ತಾಯಂದಿರು ಬಂದು ಟುಲಿಪ್ ಗಿಡ ಇದೆಯಾ ಎಂದು ಕೇಳುತ್ತಾರೆ. ಇಲ್ಲ ಅಂದರೆ, ಹಾಗೇ ಕಾಣುವಂಥದ್ದು ಏನಾದರೂ ಕೊಡಿ, ನಾಳೆ ಶಾಲೆಗೆ ಬೇಕು ಎನ್ನುತ್ತಾರೆ. ಮನೆಗೆ ಬಂದರೆ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂದಿರುತ್ತದೆ: ನಾಳೆ ಸ್ಪ್ರಿಂಗ್ ಡೇ. ಮಕ್ಕಳಿಗೆ ಹಳದಿ ಅಥವಾ ಗುಲಾಬಿ ಬಟ್ಟೆ ಹಾಕಿ ಕಳಿಸಿ. ಕ್ರೇಪ್ ಕಾಗದ, ಐಸ್‌ಕ್ರೀಮ್ ಕಡ್ಡಿ, ಗ್ಲಿಟರ್, ಹತ್ತಿ ಕಳಿಸಿ. ಹತ್ತಿ ಮೊಲದ ಬಾಲಕ್ಕಂತೆ.

ಶಾಲೆಯ ಹೆಸರು ಹೇಳುವುದಿಲ್ಲ. ಹೇಳಿ ಉಪಯೋಗವೂ ಇಲ್ಲ, ಹುಬ್ಬಳ್ಳಿಯಿಂದ ಹಾವೇರಿಯವರೆಗೆ ಎಷ್ಟೋ ಶಾಲೆಗಳಲ್ಲಿ ಇದೇ ನಡೆದಿದೆ. ಈಚೆಗೆ ಸರಕಾರಿ ಶಾಲೆಯ ಕೆಲವು ಶಿಕ್ಷಕರೂ ಇಂಟರ್‌ನೆಟ್‌ನಿಂದ ಅದೇ ಚಿತ್ರ ತೆಗೆದು ಗೋಡೆಗೆ ಹಚ್ಚುತ್ತಿದ್ದಾರೆ. ಅವರಲ್ಲಿ ಉತ್ಸಾಹ ಇದೆ, ಅದು ಒಳ್ಳೆಯದೇ. ಆ ಉತ್ಸಾಹ ಯಾವ ಹೂವಿನ ಕಡೆ ಹೋಗುತ್ತಿದೆ ಅನ್ನುವುದಷ್ಟೇ ನನ್ನ ತಕರಾರು.

ಟುಲಿಪ್ ಮೇಲೆ ನನಗೇನೂ ಸಿಟ್ಟಿಲ್ಲ. ಚೆಂದದ ಹೂ. ಆದರೆ ಅದರ ಗಡ್ಡೆ ಹೂ ಬಿಡಬೇಕಾದರೆ ಮೊದಲು ಸುಮಾರು 12 ವಾರ ಚಳಿಯಲ್ಲಿ ಇರಬೇಕು, ಅದೂ 10 ಡಿಗ್ರಿಗಿಂತ ಕೆಳಗಿನ ಚಳಿ. ಧಾರವಾಡದಲ್ಲಿ ಡಿಸೆಂಬರ್ ರಾತ್ರಿಗೆ ನಾವು ಸ್ವೆಟರ್ ಹಾಕುತ್ತೇವೆ ನಿಜ. ಆದರೆ ಅಷ್ಟು ಚಳಿ ಅಷ್ಟು ದಿನ ಇಲ್ಲಿ ಎಲ್ಲಿಂದ ಬರಬೇಕು? ಆನ್‌ಲೈನ್‌ನಲ್ಲಿ ಗಡ್ಡೆ ತರಿಸಿದವರು ಫ್ರಿಜ್‌ನಲ್ಲಿ ಇಟ್ಟು ಸರ್ಕಸ್ ಮಾಡಬೇಕು. ನಮ್ಮ ದೇಶದಲ್ಲೇ ಟುಲಿಪ್ ಕಣ್ತುಂಬ ನೋಡಬೇಕೆಂದರೆ ಶ್ರೀನಗರಕ್ಕೆ ಹೋಗಬೇಕು. ಅಲ್ಲಿ ದಾಲ್ ಸರೋವರದ ಹತ್ತಿರ ದೊಡ್ಡ ತೋಟವೇ ಇದೆ. ಅಲ್ಲಿಯೂ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಕೆಲವೇ ವಾರ ಹೂ ಇರುತ್ತದೆ. ಹಿಮ ಕರಗಿ ಬೋಳು ನೆಲದಿಂದ ಹೂ ಏಳುವ ಊರಿನ ಮಗು ಕಾಗದದಲ್ಲಿ ಟುಲಿಪ್ ಕತ್ತರಿಸಿದರೆ ಅದಕ್ಕೊಂದು ಅರ್ಥ ಇದೆ. ಕಿಟಕಿಯಾಚೆ ಕಂಡದ್ದನ್ನೇ ಅದು ಒಳಗೆ ಕೂತು ಮಾಡುತ್ತದೆ. ನಮ್ಮ ಮಗು ಎಂದೂ ನೋಡದ ಹೂವಿಗೆ ಬಣ್ಣ ತುಂಬುತ್ತದೆ, ಕಂಪೌಂಡಿನಾಚೆ ಹೂ ಬಿಟ್ಟ ಗಿಡಕ್ಕೆ ಬೆನ್ನು ಹಾಕಿ ಕೂತು.

ಆ ಗಿಡಗಳ ಲೆಕ್ಕ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ನನ್ನ ಮಾತೆಲ್ಲ ನಿಂತಿರುವುದು ತಾರೀಖಿನ ಮೇಲೆ. ನಮ್ಮ ಕಡೆ ಮಾವು ಹೂ ಬಿಡುವುದು ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ. ಮಾರ್ಚ್‌ಗೆ ಮಿಡಿ ಆಗಿರುತ್ತದೆ. ಬೂರಲ ಗಿಡ ಎಲೆ ಎಲ್ಲ ಉದುರಿಸಿ ಜನವರಿಯಿಂದಲೇ ಕೆಂಪು ಹೂ ಬಿಡುತ್ತದೆ. ಮುತ್ತಲ (ಮುತ್ತುಗ) ಫೆಬ್ರುವರಿ, ಮಾರ್ಚ್‌ನಲ್ಲಿ. ಅರಳಿ ಮರ ಇದೇ ಹೊತ್ತಿಗೆ ಹಳೆಯ ಎಲೆ ಬಿಟ್ಟು ತಾಮ್ರದ ಬಣ್ಣದ ಚಿಗುರು ತರುತ್ತದೆ. ಹುಲಗಲ (ಹೊಂಗೆ), ಬೇವು ಹೂ ಬಿಡುವುದು ಮಾರ್ಚ್, ಏಪ್ರಿಲ್‌ನಲ್ಲಿ. ಗುಲ್‌ಮೊಹರ್ ಕೆಂಪಾಗುವ ಹೊತ್ತಿಗೆ ಶಾಲೆಗೆ ಬೀಗ ಬಿದ್ದಿರುತ್ತದೆ.

ಪಂಚಾಂಗದ ಪ್ರಕಾರ ವಸಂತ ಅಂದರೆ ಚೈತ್ರ, ವೈಶಾಖ. ನಮ್ಮ ಶಾಲೆಯ ಲೆಕ್ಕದಲ್ಲಿ ಅದು ಪರೀಕ್ಷೆ ಮತ್ತು ರಜೆ. ಮಾರ್ಚ್ ಎರಡನೇ ವಾರದಿಂದ ಪುನರಾವರ್ತನೆ, ಆಮೇಲೆ ಮೌಲ್ಯಾಂಕನ, ಏಪ್ರಿಲ್ 10ರ ಸುಮಾರಿಗೆ ಮಕ್ಕಳು ಅಜ್ಜಿಯ ಊರಿಗೆ. ಹೀಗಾಗಿ ವಸಂತದ ಚಟುವಟಿಕೆಗೆ ಸಿಗುವುದು ಒಂದು ದಿನ, ಅದೂ ಫೋಟೊ ತೆಗೆಯಲು. ಆದರೆ ಗಿಡಗಳು ಪಂಚಾಂಗ ನೋಡಿ ಚಿಗುರುವುದಿಲ್ಲ ಅಲ್ವಾ? ನಮ್ಮ ಊರಿನಲ್ಲಿ ನೋಡಲು ಬೇಕಾದದ್ದು ಬಹಳಷ್ಟು ಫೆಬ್ರುವರಿಯಲ್ಲೇ ಶುರುವಾಗುತ್ತದೆ. ಆಗ ಪರೀಕ್ಷೆ ಇಲ್ಲ, ಬಿಸಿಲೂ ಅಷ್ಟು ಇಲ್ಲ. ಒಂದು ದಿನದ ಸ್ಪ್ರಿಂಗ್ ಡೇ ಬಿಟ್ಟು, ಫೆಬ್ರುವರಿ ಮೊದಲ ವಾರದಿಂದ ಮಾರ್ಚ್ ಮಧ್ಯದವರೆಗೆ ಶನಿವಾರ ಶನಿವಾರ ಸ್ವಲ್ಪ ಹೊತ್ತು ಹೊರಗೆ. ನಾನು ಕೇಳುತ್ತಿರುವುದು ಇಷ್ಟೇ. ಶನಿವಾರ ಹೇಗೂ ಬೆಳಗಿನ ಶಾಲೆ. ಎಂಟು ಗಂಟೆಗೆ ಹಕ್ಕಿಗಳೂ ಎದ್ದಿರುತ್ತವೆ, ಮಕ್ಕಳೂ ಎದ್ದಿರುತ್ತಾರೆ. ತಿಂಗಳಿಗೊಂದು ಶನಿವಾರ ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ ಅಂತ ಇಲಾಖೆಯೇ ಮಾಡಿದೆ. ಹೊಸ ಯೋಜನೆ, ಹೊಸ ಹೆಸರು, ಹೊಸ ಬ್ಯಾನರ್ ಏನೂ ಬೇಕಿಲ್ಲ.

ಹೊರಗೆ ಹೋಗಿ ಏನು ಮಾಡಿಸುವುದು ಎಂದು ಶಿಕ್ಷಕರು ಕೇಳಬಹುದು. ಮುತ್ತಲದಿಂದಲೇ ಶುರು ಮಾಡೋಣ. ಕಲಘಟಗಿ ರಸ್ತೆಯ ಕಡೆ, ಧಾರವಾಡದ ಸುತ್ತಲಿನ ಹೊಲದ ಬದುಗಳಲ್ಲಿ, ಕಪ್ಪತಗುಡ್ಡದ ಇಳಿಜಾರಿನಲ್ಲಿ ಮುತ್ತಲ ಇದೆ. ಮಕ್ಕಳು ಬಿದ್ದ ಹೂ ಆರಿಸಲಿ. ಒಂದೊಂದು ಹೂವನ್ನು ಬಿಡಿಸಿ ನೋಡಲಿ, ಒಂದು ಎಸಳು ಗಿಳಿಯ ಕೊಕ್ಕಿನ ಹಾಗೆ ಬಾಗಿರುತ್ತದೆ. ಎಲೆ ಇಲ್ಲದ ಕೊಂಬೆಯಲ್ಲಿ ಹೂ ಯಾಕೆ ಎಂದು ಕೇಳಿ. ಉತ್ತರ ಕೊಡುವ ಮುಂಚೆ ಹತ್ತು ನಿಮಿಷ ಸುಮ್ನೆ ಕೂರಿಸಿ. ಗೊರವಂಕ ಬರುತ್ತದೆ, ಸೂರಕ್ಕಿ ಬರುತ್ತದೆ, ಕಾಜಾಣ ಬರುತ್ತದೆ. ಎಲ್ಲವೂ ಆ ಹೂವಿನೊಳಗೆ ಕೊಕ್ಕು ಹಾಕಿ ಮಕರಂದ ಕುಡಿದು, ಹಣೆಗೆ ಪರಾಗ ಹಚ್ಚಿಕೊಂಡು ಇನ್ನೊಂದು ಗಿಡಕ್ಕೆ ಹಾರುತ್ತವೆ. ಎಲೆಯ ಮರೆ ಇಲ್ಲದ್ದರಿಂದ ಹೂ ದೂರದಿಂದಲೇ ಹಕ್ಕಿಗೆ ಕಾಣುತ್ತದೆ. ಇದನ್ನು ಪುಸ್ತಕದಲ್ಲಿ ‘ಪರಾಗಸ್ಪರ್ಶ’ ಎಂದು ಓದುವ ಮುಂಚೆ ಮಗು ಕಣ್ಣಾರೆ ನೋಡಿರುತ್ತದೆ. ಐದನೇ ತರಗತಿಯಲ್ಲಿ ಆ ಪದ ಬಂದಾಗ ಬಾಯಿಪಾಠ ಮಾಡುವ ಕಷ್ಟ ಇರುವುದಿಲ್ಲ.

ಆರಿಸಿದ ಹೂ ಶಾಲೆಗೆ ತಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಸೋಮವಾರ ಕಾವಿ ಹಳದಿಯ ಬಣ್ಣದ ನೀರು ಸಿಗುತ್ತದೆ. ಅಡುಗೆ ಸೋಡಾ ಒಂದು ಚಿಟಿಕೆ ಹಾಕಿದರೆ ಬಣ್ಣ ಗಾಢ ಕೇಸರಿಗೆ ತಿರುಗುತ್ತದೆ. ಪಕ್ಕದಲ್ಲೇ ಅರಿಸಿನದ ನೀರಿಗೂ ಅದೇ ಸೋಡಾ ಹಾಕಿ ನೋಡಿ, ಅದು ಕೆಂಪಾಗುತ್ತದೆ. ಒಂದನೇ ತರಗತಿಯವರಿಗೆ ಇದು ಮ್ಯಾಜಿಕ್, ಏಳನೇ ತರಗತಿಯವರಿಗೆ ಆಮ್ಲ ಮತ್ತು ಪ್ರತ್ಯಾಮ್ಲ. ಈ ಬಣ್ಣದಲ್ಲಿ ಬ್ರಷ್ ಅದ್ದಿ ಚಿತ್ರ ಬರೆಯಲಿ. ಹೋಳಿ ಹಬ್ಬಕ್ಕೆ ಹುಬ್ಬಳ್ಳಿಯಲ್ಲಿ ರಂಗಪಂಚಮಿಯ ದಿನ ಎಂಥ ಬಣ್ಣ ಆಡುತ್ತಾರೆ, ಅದು ಮೈಯಿಂದ ಹೋಗಲು ಎಷ್ಟು ದಿನ ಬೇಕು ಎಂದು ನಿಮಗೆ ಗೊತ್ತೇ ಇದೆ. ಕೈ ತೊಳೆದರೆ ಹೋಗುವ ಬಣ್ಣ ಊರ ಬದುವಿನಲ್ಲೇ ಇದೆ ಎಂದು ಮಕ್ಕಳಿಗೆ ಗೊತ್ತಾದರೆ ಸಾಕು. ಹಬ್ಬ ಮಾಡುವ ಮನೆಯ ಮಗುವಿಗೂ ಮಾಡದ ಮನೆಯ ಮಗುವಿಗೂ ಇದು ಒಂದೇ ಪಾಠ. ಹಳೇ ಹುಬ್ಬಳ್ಳಿಯ ಉರ್ದು ಶಾಲೆಯಲ್ಲೂ ಇದನ್ನು ಹೀಗೇ ಮಾಡಿಸಬಹುದು.

ಊರೊಳಗಿನ ಶಾಲೆಗೆ ಮುತ್ತಲ ಎಲ್ಲಿ ಸಿಗಬೇಕು ಅಂದರೆ, ಬೇವು ಸಾಕು. ಹುಬ್ಬಳ್ಳಿ-ಧಾರವಾಡ ನಡುವೆ ವೇಗದ ಬಸ್ಸಿಗಾಗಿ ಮಾಡಿದ ಬಿಆರ್‌ಟಿಎಸ್ ರಸ್ತೆಗೆ ಎಷ್ಟೋ ಹಳೆಯ ಗಿಡ ಹೋದರೂ ಬೇವಿನ ಗಿಡ ಇಲ್ಲದ ಓಣಿ ನಮ್ಮಲ್ಲಿ ಕಡಿಮೆ. ಒಂದೊಂದು ತರಗತಿಗೆ ಒಂದು ಗಿಡ ಗೊತ್ತು ಮಾಡಿ. ಪ್ರತಿ ಶನಿವಾರ ಅದೇ ಗಿಡದ ಕೆಳಗೆ ನಿಂತು ಐದೇ ವಿಷಯ ಬರೆಯಲಿ: ಹಳೆಯ ಎಲೆ, ಚಿಗುರು, ಮೊಗ್ಗು, ಹೂ, ಕಾಯಿ. ಒಂದೊಂದರ ಮುಂದೆ ‘ಇಲ್ಲ’, ‘ಸ್ವಲ್ಪ’, ‘ಜಾಸ್ತಿ’ ಎಂದು ಗುರುತು. ಓದಲು ಬರದ ಮಗು ಚಿತ್ರ ಬರೆಯಲಿ. ಇದು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಸೀಸನ್‌ವಾಚ್ ಎಂಬ ಕಾರ್ಯಕ್ರಮದಲ್ಲಿ ದೇಶದ ಎಷ್ಟೋ ಶಾಲೆಯ ಮಕ್ಕಳು ಹೀಗೆಯೇ ವಾರವಾರ ಗಿಡ ನೋಡಿ ಬರೆದಿಡುತ್ತಾರೆ. ಮಳೆ, ಬಿಸಿಲು ಬದಲಾದ ಹಾಗೆ ಗಿಡಗಳ ಹೂ ಬಿಡುವ ಹೊತ್ತು ಬದಲಾಗುತ್ತಿದೆಯೇ ಎಂದು ತಿಳಿಯಲು ಆ ದಾಖಲೆ ಬೇಕಾಗುತ್ತದೆ. ನಮ್ಮ ಶಾಲೆಗಳೂ ಐದಾರು ವರ್ಷ ಹೀಗೆ ಬರೆದರೆ, ಧಾರವಾಡದ ಬೇವು ಯಾವ ವಾರ ಹೂ ಬಿಟ್ಟಿತು ಎಂಬುದಕ್ಕೆ ಮಕ್ಕಳ ಕೈಯ ದಾಖಲೆ ಇರುತ್ತದೆ.

ಬೇವಿಗೆ ಇನ್ನೊಂದು ಅನುಕೂಲ ಇದೆ. ಹೂ ಬಿಟ್ಟಾಗ ಕೆಳಗೆ ಹಳೆಯ ಸೀರೆ ಹಾಸಿದರೆ ಬೆಳಿಗ್ಗೆಗೆ ಹೂ ಬಿದ್ದಿರುತ್ತದೆ. ಯುಗಾದಿ ಪಾಡ್ಯಕ್ಕೆ ನಮ್ಮ ಕಡೆ ಬೇವು ಮಾಡುವುದು ಕುಡಿಯುವ ಹಾಗೆ: ಬೇವಿನ ಹೂ, ಬೆಲ್ಲ, ಮಾವಿನಕಾಯಿ, ಹುಣಸೆಹುಳಿ, ಪುಟಾಣಿ ಹಿಟ್ಟು. ಹಬ್ಬದ ಹಿಂದಿನ ದಿನ ಬಿಸಿಯೂಟದ ಅಕ್ಕಂದಿರ ಜೊತೆ ಮಕ್ಕಳೇ ಇದನ್ನು ಮಾಡಲಿ. ಬೆಲ್ಲ ತೂಗುವುದು, ಅರ್ಧ ಲೋಟ, ಕಾಲು ಲೋಟ ಅಳೆಯುವುದು, ಯಾರಿಗೆ ಯಾವ ರುಚಿ ಮೊದಲು ಗೊತ್ತಾಯಿತು ಎಂದು ಪಟ್ಟಿ ಮಾಡುವುದು. ಭಿನ್ನರಾಶಿ ಇದರಲ್ಲಿ ಬಂತಲ್ಲ!

ಕೋಗಿಲೆ ಬಗ್ಗೆಯೂ ಒಂದು ಮಾತು. ಶಾಲೆಯ ಗೋಡೆಯ ಮೇಲಿನ ಚಿತ್ರದಲ್ಲಿ ಕೋಗಿಲೆಗೆ ರಿಬ್ಬನ್ ಕಟ್ಟಿ, ಗಾಯಕಿ ಮಾಡಿ ಇಟ್ಟಿರುತ್ತಾರೆ. ಆ ‘ಕುಹೂ’ ಕೂಗುವುದು ಗಂಡು. ಮೈಯೆಲ್ಲ ಕಪ್ಪು, ಕಣ್ಣು ಕೆಂಪು. ಹೆಣ್ಣು ಕಂದು ಬಣ್ಣದ್ದು, ಮೈತುಂಬ ಬಿಳಿ ಚುಕ್ಕೆ, ಅದರ ಕೂಗು ಬರೀ ಕಿಕ್‌ಕಿಕ್ ಎಂಬ ಗದ್ದಲ. ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಈ ಕಥೆ ಕೇಳಿದ ಮೇಲೆ ಮಕ್ಕಳು ಕಾಗೆಯನ್ನೂ ಬೇರೆ ರೀತಿ ನೋಡುತ್ತಾರೆ. ಈ ವರ್ಷ ಮೊದಲ ಕೂಗು ಯಾವ ತಾರೀಖಿಗೆ ಕೇಳಿಸಿತು ಎಂದು ಕಪ್ಪು ಹಲಗೆಯ ಮೂಲೆಯಲ್ಲಿ ಬರೆದರೆ ಸಾಕು. ಮೊದಲು ಕೇಳಿದವರ ಹೆಸರೂ ಪಕ್ಕದಲ್ಲಿ ಇರಲಿ. ಓದಿನಲ್ಲಿ ಹಿಂದೆ ಇರುವ ಹುಡುಗ ಆ ಮೂಲೆಯಲ್ಲಿ ಹೆಸರು ಬರೆಸಿಕೊಳ್ಳುವ ಸಾಧ್ಯತೆ ಜಾಸ್ತಿ, ಯಾಕೆಂದರೆ ತರಗತಿಯಲ್ಲಿ ಕಿಟಕಿಯ ಹೊರಗೆ ನೋಡುತ್ತಿರುವವನು ಅವನೇ.

ಇನ್ನು ಚಿಟ್ಟೆ. ಬಟ್ಟೆ ಕ್ಲಿಪ್ಪಿಗೆ ಬಣ್ಣದ ಕಾಗದ ಸಿಕ್ಕಿಸಿ ಮಾಡುವ ಚಿಟ್ಟೆ ನಮ್ಮ ಮನೆಯಲ್ಲೂ ಮೂರು ಇವೆ. ನನ್ನ ನರ್ಸರಿಗೆ ಬರುವ ದೂರುಗಳಲ್ಲಿ ಒಂದು ಖಾಯಂ: ‘ನೀವು ಕೊಟ್ಟ ಕರಿಬೇವಿಗೆ ಹುಳ ಬಿದ್ದಿದೆ, ಔಷಧಿ ಕೊಡಿ.’ ಆ ಹುಳಗಳಲ್ಲಿ ಹೆಚ್ಚಿನವು ಚಿಟ್ಟೆಯ ಮರಿಗಳು. ಕರಿಬೇವು, ನಿಂಬೆ ಗಿಡದ ಚಿಗುರಿಗೆ ತಾಯಿ ಚಿಟ್ಟೆ ಒಂದೊಂದೇ ಮೊಟ್ಟೆ ಇಡುತ್ತದೆ. ಮರಿ ಮೊದಲು ಹಕ್ಕಿ ಹಿಕ್ಕೆಯ ಹಾಗೆ ಕಾಣುತ್ತದೆ, ಯಾರೂ ತಿನ್ನದಿರಲಿ ಎಂದು. ದೊಡ್ಡದಾದ ಮೇಲೆ ಹಸಿರಾಗಿ ಎಲೆಯ ಬಣ್ಣಕ್ಕೆ ಸೇರಿಹೋಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೊಂಬಿನಂಥದ್ದೊಂದು ಹೊರಗೆ ಬಂದು ಕೆಟ್ಟ ವಾಸನೆ ಬಿಡುತ್ತದೆ, ಮಕ್ಕಳಿಗೆ ಇದಕ್ಕಿಂತ ಖುಷಿಯ ವಿಷಯ ಇಲ್ಲ. ಮೊಟ್ಟೆಯಿಂದ ಚಿಟ್ಟೆ ಆಗಲು ಸುಮಾರು ಮೂರು, ನಾಲ್ಕು ವಾರ. ಅಂದರೆ ಫೆಬ್ರುವರಿಯಲ್ಲಿ ಒಂದು ಕುಂಡದ ಕರಿಬೇವನ್ನು ನೀರು ಹಾಕಿ ಚಿಗುರಿಸಿ ತರಗತಿಯ ಬಾಗಿಲಲ್ಲಿ ಇಟ್ಟರೆ, ಪರೀಕ್ಷೆಯ ಮುಂಚೆ ಇಡೀ ಪಾಠ ಮುಗಿಯುತ್ತದೆ. ಔಷಧಿ ಮಾತ್ರ ಹೊಡೆಯಬಾರದು. ಎಕ್ಕೆ ಗಿಡದಲ್ಲೂ ಬೇರೆ ಜಾತಿಯ ಪಟ್ಟೆ ಪಟ್ಟೆ ಮರಿ ಸಿಗುತ್ತದೆ. ಆದರೆ ಎಕ್ಕೆಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಚಿಕ್ಕ ಮಕ್ಕಳಿಗೆ ಕರಿಬೇವೇ ಸರಿ.

ಗಿಡವೇ ಇಲ್ಲದ ಶಾಲೆಗೂ ಬಿಸಿಲಂತೂ ಇದ್ದೇ ಇದೆ. ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲು ನೇರ ನಿಲ್ಲಿಸಿ. ಮಧ್ಯಾಹ್ನ 12:30ರಿಂದ 12:45ರ ನಡುವೆ ನೆರಳು ಅತಿ ಚಿಕ್ಕದಾಗುತ್ತದೆ, ಅದನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಹುಬ್ಬಳ್ಳಿ-ಧಾರವಾಡದಲ್ಲಿ ಫೆಬ್ರುವರಿ 20ರ ಸುಮಾರಿಗೆ ಅದು 50 ಸೆಂಟಿಮೀಟರ್ ಹತ್ತಿರ ಇರುತ್ತದೆ. ಹಗಲು, ರಾತ್ರಿ ಸಮ ಆಗುವ ಮಾರ್ಚ್ 21ರ ಆಸುಪಾಸಿನಲ್ಲಿ 27 ಸೆಂಟಿಮೀಟರ್. ಏಪ್ರಿಲ್ 10ಕ್ಕೆ, ರಜೆ ಬಿಡುವಾಗ, 13. ಮೇ ಮೊದಲ ದಿನಗಳಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದಾಗ ನೆರಳೇ ಇಲ್ಲ. ಅದನ್ನು ಮನೆಯ ಅಂಗಳದಲ್ಲಿ ನೋಡಲು ಹೇಳಿ, ರಜೆಯಲ್ಲಿ ಕೊಡುವ ಹೋಂವರ್ಕ್ ಇಷ್ಟೇ ಇದ್ದರೆ ಪಾಲಕರೂ ನಿಮ್ಮನ್ನು ಹರಸುತ್ತಾರೆ.

ಇನ್ನು, ಹಿಮದ ನಾಡಿನ ವಸಂತ ನಮ್ಮ ಮಕ್ಕಳಿಗೆ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದನ್ನು ಹೇಳಿಕೊಡಲು ಗದಗ ಜಿಲ್ಲೆಯಲ್ಲಿ ಒಳ್ಳೆಯ ದಾರಿ ಇದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸರ್ ಮಾನ್ಯತೆಯೂ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಯಲ್ಲಿ ಜಾಗವೂ, ಸಿಕ್ಕಿತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದು, ಇಲ್ಲಿ ಬಿಸಿಲು ಏರುವ ಹೊತ್ತಿಗೆ, ಫೆಬ್ರುವರಿ ಕೊನೆ, ಮಾರ್ಚ್‌ನಲ್ಲಿ ವಾಪಸ್ ಹೊರಡುತ್ತವೆ. ಯಾಕೆ ಹೋಗುತ್ತವೆ? ಅಲ್ಲಿ ಹಿಮ ಕರಗಲು ಶುರುವಾಗುತ್ತದೆ, ಮೊಟ್ಟೆ ಇಡಲು ಜಾಗ ಸಿಗುತ್ತದೆ. ಅವು ಹೋಗುವ ದಾರಿಯನ್ನು ನಕಾಶೆಯ ಮೇಲೆ ಬೆರಳಿಟ್ಟು ತೋರಿಸಿ. ಆಮೇಲೆ ಬೇಕಿದ್ದರೆ ಟುಲಿಪ್ ಚಿತ್ರ ತೋರಿಸಿ. ಆಗ ಅದು ಎಲ್ಲಿಯ ಹೂ, ಯಾಕೆ ಅಲ್ಲಿ ಅರಳುತ್ತದೆ ಎಂದು ಮಗುವಿಗೇ ಗೊತ್ತಾಗುತ್ತದೆ. ಹಾವೇರಿಯವರಿಗೆ ಬೇರೆಯೇ ಇದೆ. ಬ್ಯಾಡಗಿಯ ಸುತ್ತ ಆ ತಿಂಗಳುಗಳಲ್ಲಿ ಮೆಣಸಿನಕಾಯಿಯ ಕಣಗಳೆಲ್ಲ ಕೆಂಪು. ಅವ್ವನ ಜೊತೆ ಕಣಕ್ಕೆ ಹೋಗಿ ಬರುವ ಮಕ್ಕಳು ಆ ತರಗತಿಯಲ್ಲೇ ಕೂತಿರುತ್ತಾರೆ. ಹಸಿ ಕಾಯಿ ಒಣಗಿದರೆ ತೂಕ ಎಷ್ಟು ಇಳಿಯುತ್ತದೆ, ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಯಾಕೆ, ಸುಕ್ಕು ಯಾಕೆ. ಆ ದಿನ ಪಾಠ ಅವರೇ ಮಾಡಲಿ, ಮಾಸ್ತರರು ಹಿಂದಿನ ಸಾಲಿನಲ್ಲಿ ಕೂರಲಿ.

ಶಿಕ್ಷಕರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ನರ್ಸರಿಗೆ ಬರುವವರಲ್ಲಿ ಅರ್ಧ ಜನ ಮಾಸ್ತರರೇ. ಒಬ್ಬರೇ ಎರಡು, ಮೂರು ತರಗತಿ ನೋಡಬೇಕು, ಆನ್‌ಲೈನ್ ಮಾಹಿತಿ ತುಂಬಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಚುನಾವಣೆ ಬಂದರೆ ಅದಕ್ಕೂ ಓಡಬೇಕು. ಚಟುವಟಿಕೆ ಮಾಡಿಸುವುದು ಅವರಿಗೆ ಹೊಸದೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿ ಇಂದು ರಾಜ್ಯದ ಸರಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲೆಲ್ಲ ಇದೆ. ಮಕ್ಕಳನ್ನು ನೆಲದ ಮೇಲೆ ಗುಂಪು ಕೂರಿಸಿ ಕಲಿಸುವುದು ನಮ್ಮ ಶಿಕ್ಷಕರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರು ಹೆದರುವುದು ಗೇಟಿನ ಹೊರಗೆ ಕಾಲಿಡಲು. ಮಗು ಎಡವಿ ಬಿದ್ದರೆ, ಜೇನು ಕಚ್ಚಿದರೆ, ‘ಯಾರ ಪರವಾನಗಿ ತಗೊಂಡು ಕರಕೊಂಡು ಹೋದಿರಿ’ ಎಂಬ ಪ್ರಶ್ನೆ ಮುಖ್ಯ ಶಿಕ್ಷಕರ ತಲೆಗೆ ಬರುತ್ತದೆ. ಅದಕ್ಕೇ ಕಾಗದದ ಹೂ ಎಲ್ಲರಿಗೂ ಸುರಕ್ಷಿತ ಅನ್ನಿಸುತ್ತದೆ.

ಆದ್ದರಿಂದ ಉಪನಿರ್ದೇಶಕರಲ್ಲಿ ನನ್ನ ಮುಖ್ಯ ಬೇಡಿಕೆ ಒಂದು ಪುಟದ ಸುತ್ತೋಲೆ. ಫೆಬ್ರುವರಿ, ಮಾರ್ಚ್ ತಿಂಗಳ ಶನಿವಾರಗಳಲ್ಲಿ ಶಾಲೆಯಿಂದ ಅರ್ಧ ಕಿಲೋಮೀಟರ್ ಒಳಗೆ, ಇಬ್ಬರು ದೊಡ್ಡವರ ಜೊತೆ, ಮಕ್ಕಳನ್ನು ಕರೆದೊಯ್ಯಲು ಮುಖ್ಯ ಶಿಕ್ಷಕರಿಗೇ ಅಧಿಕಾರ ಇದೆ ಎಂದು ಅದರಲ್ಲಿ ಸ್ಪಷ್ಟ ಬರೆಯಿರಿ. ಎರಡನೆಯ ದೊಡ್ಡವರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಆಗಬಹುದು, ಯಾವುದಾದರೂ ಮಗುವಿನ ಅಜ್ಜನೂ ಆಗಬಹುದು. ಗಿಡದ ಹೆಸರು ಆ ಅಜ್ಜನಿಗೇ ಹೆಚ್ಚು ಗೊತ್ತಿರುತ್ತದೆ. ಜೇನು ಕಟ್ಟಿದ ಗಿಡದ ಕೆಳಗೆ ಹೋಗಬಾರದು, ಕೊಂಬೆ ಮುರಿಯಬಾರದು, ಗುರುತಿಲ್ಲದ ಕಾಯಿ ಬಾಯಿಗೆ ಹಾಕಬಾರದು ಎಂಬ ಎಚ್ಚರಿಕೆಯೂ ಅದರಲ್ಲೇ ಇರಲಿ. ಫೋಟೊ ಅಪ್‌ಲೋಡ್ ಮಾಡಿ ಎಂಬ ಸಾಲು ಮಾತ್ರ ದಯವಿಟ್ಟು ಬೇಡ. ಆ ಸಾಲು ಬಂದರೆ ಎಲ್ಲರೂ ಗಿಡದ ಮುಂದೆ ಸಾಲಾಗಿ ನಿಂತು ವಾಪಸ್ ಬರುತ್ತಾರೆ.

ಡಯಟ್‌ನವರು ನಿಮ್ಮ ನಿಮ್ಮ ಜಿಲ್ಲೆಯ ಹತ್ತು ಗಿಡಗಳ ಚಿತ್ರ, ಅವು ಹೂ ಬಿಡುವ ತಿಂಗಳು, ಇಲ್ಲಿ ಕರೆಯುವ ಹೆಸರು ಇಷ್ಟನ್ನು ಒಂದು ಹಾಳೆಯಲ್ಲಿ ಮಾಡಿಕೊಡಿ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗ ಇದೆ. ಕೇಳಿದರೆ ಇಲ್ಲ ಅನ್ನುವವರಲ್ಲ. ಖಾಸಗಿ ಶಾಲೆಯವರಿಗೆ ನನ್ನ ಕೋರಿಕೆ ಇನ್ನೂ ಚಿಕ್ಕದು: ರಾತ್ರಿ ಒಂಬತ್ತಕ್ಕೆ ಗ್ಲಿಟರ್ ತನ್ನಿ ಎಂದು ಮೆಸೇಜ್ ಹಾಕಬೇಡಿ. ಒಂದು ಹಳೆಯ ನೋಟ್‌ಬುಕ್ ಮತ್ತು ಪೆನ್ಸಿಲ್ ಕೇಳಿ.

ಸುತ್ತೋಲೆ ಜನವರಿಯಲ್ಲೇ ಬರಬೇಕು. ಮಾರ್ಚ್ ಕೊನೆಗೆ ಬಂದರೆ ಮುತ್ತಲದ ಹೂ ಉದುರಿರುತ್ತದೆ, ಹೆಬ್ಬಾತು ಹೋಗಿರುತ್ತವೆ, ಶಿಕ್ಷಕರು ಪ್ರಶ್ನೆಪತ್ರಿಕೆ ಎಣಿಸುತ್ತಿರುತ್ತಾರೆ.

ನನ್ನ ಕಡೆಯಿಂದ ಆಗುವುದನ್ನು ನಾನೂ ಹೇಳಿಬಿಡುತ್ತೇನೆ. ಧಾರವಾಡ ಶಹರದ ಯಾವುದೇ ಪ್ರಾಥಮಿಕ ಶಾಲೆಯವರು ಜನವರಿಯಲ್ಲಿ ಬಂದರೆ ತರಗತಿಗೊಂದು ಕರಿಬೇವಿನ ಸಸಿ ಪುಕ್ಕಟೆ ಕೊಡುತ್ತೇನೆ. ಕುಂಡ ಬೇಡ, ಒಡೆದ ಬಕೆಟ್ ನಡೆಯುತ್ತದೆ, ತಳದಲ್ಲಿ ತೂತು ಇದ್ದರೆ ಸಾಕು. ಹುಳ ಇರುವ ಸಸಿಯನ್ನೇ ಆರಿಸಿ ಕೊಡುತ್ತೇನೆ, ವಾಪಸ್ ತರಬೇಡಿ.

ಇಂತಿ,
ಧಾರವಾಡದ ಒಬ್ಬ ನರ್ಸರಿಯವ, ಎರಡನೇ ತರಗತಿಯ ಹುಡುಗಿಯ ಅಪ್ಪ